ಮುಚ್ಚಳ ಮಾತ್ರ ತೆಗೀಬೇಡಿ

ಬೀಗದಜ್ಜನಿಗೆ ಆ ಪಾತ್ರೆಯ ಮೇಲೆ ಮೊದಲ ದಿನವೇ ಗುಮಾನಿ ಹುಟ್ಟಿತು. ಉರಿಯಿಲ್ಲ, ಕುದಿಯುವ ಸದ್ದಿಲ್ಲ, ಸೀಟಿಯಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಒಂದು ಗುಂಡನೆಯ ಡಬ್ಬ, ಅದರೊಳಗೆ ದಪ್ಪ ಪಿಂಗಾಣಿಯ ಬೋಗುಣಿ, ಮೇಲೊಂದು ಗಾಜಿನ ಮುಚ್ಚಳ. ಬೆಳಿಗ್ಗೆ ಹಸಿ ಕೋಳಿ ಹಾಕಿಟ್ಟರೆ ಸಂಜೆಗೆ ಊಟವಂತೆ. ಸ್ಲೋ ಕುಕರ್ ಎಂದು ಅದರ ಹೆಸರು. ಇಡೀ ದಿನ ಮೂಲೆಯಲ್ಲಿ ಮಳ್ಳನ ಹಾಗೆ ಕೂತು ಒಳಗೊಳಗೇ ಏನೋ ನಡೆಸುವ ವಸ್ತುವನ್ನು ನಂಬುವುದು ಹೇಗೆ? ಮನುಷ್ಯರ ವಿಷಯದಲ್ಲೂ ಅಜ್ಜನ ಅಭಿಪ್ರಾಯ ಇದೇ ಆಗಿತ್ತು.

ಬದುಕಿಡೀ ಬೀಗ ಮಾಡಿ, ಬೀಗ ಬಿಚ್ಚಿ, ಕೀ ಕಳೆದುಕೊಂಡವರ ಬಾಗಿಲು ತೆಗೆದುಕೊಟ್ಟವನು ಅವನು. ಬೀಗದಜ್ಜ ಎಂಬುದು ಅಂಗಡಿ ಬೀದಿಯ ಮಕ್ಕಳು ಇಟ್ಟ ಹೆಸರು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ ಮಗಳ ಮನೆ ಸೇರಿದ್ದ. ಬಂದ ವಾರದಲ್ಲೇ ಮುಂಬಾಗಿಲಿಗೆ ಇನ್ನೂ ಎರಡು ಬೀಗ ಕೂತವು, ಹಿಂಬಾಗಿಲಿಗೆ ಜೋಡಿ ಚಿಲಕ ಬಂತು, ಇಲಿಯೂ ನುಸುಳಲಾಗದ ಬಚ್ಚಲ ಕಿಟಕಿಗೂ ಒಂದು ಕೊಂಡಿ ಬಿತ್ತು. ಮಗಳು ಹೊಸ ಕೀಗಳನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಗೊಣಗುವವರನ್ನು ದಿನವೂ ನೋಡಿ ಅಭ್ಯಾಸ. ಅಳಿಯ ಮಾತ್ರ ಮನೆಯೊಳಗೆ ಬರಲು ಮೂರು ಕೀ ಹುಡುಕುತ್ತಾ ಬಾಗಿಲಲ್ಲಿ ನಿಂತಾಗ, "ಬ್ಯಾಂಕಿಗೂ ಇಷ್ಟು ಬೀಗ ಇಲ್ಲ ಮಾವ" ಎಂದು ನಗುತ್ತಿದ್ದ. ಆ ನಗುವೂ ಅಜ್ಜನಿಗೆ ಸರಿಬರಲಿಲ್ಲ. ಬೀಗ ಕಂಡರೆ ಕಿರಿಕಿರಿ ಯಾರಿಗೆ ಆಗುತ್ತದೆ?

ಅಳಿಯ ಸಿಟಿ ಬಸ್ಸಿನ ಡ್ರೈವರು. ವಾರಕ್ಕೊಂದು ರಜೆ. ರಜೆಯ ದಿನ ಅಡುಗೆಮನೆ ಅವನದು, ಮತ್ತು ಅವನಿಗೆ ಬರುತ್ತಿದ್ದುದು ಒಂದೇ ಅಡುಗೆ: ಚಿಕನ್ ಚೌಡರ್. ಸಾರಿಗಿಂತ ಗಟ್ಟಿ, ಗಂಜಿಗಿಂತ ರುಚಿ, ಒಂದು ಬಟ್ಟಲು ಕುಡಿದರೆ ಹೊಟ್ಟೆ ತುಂಬಬೇಕು ಅಂಥದ್ದು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಬೋಗುಣಿಯ ತಳಕ್ಕೆ ಹಾಕುತ್ತಿದ್ದ. ಅದರ ಮೇಲೆ ಹೆಬ್ಬೆರಳ ಗಾತ್ರದ ಆಲೂಗೆಡ್ಡೆ ಹೋಳು, ಕ್ಯಾರೆಟ್, ಜೋಳದ ಕಾಳು. ಎಲ್ಲದರ ಮೇಲೆ ಕೋಳಿ. ಕಾಳುಮೆಣಸು ಕುಟ್ಟಿ ಉದುರಿಸಿ, ಮುಳುಗುವಷ್ಟು ನೀರು ಹಾಕಿ, ಮುಚ್ಚಳ ಮುಚ್ಚಿ ಗುಂಡಿ ತಿರುಗಿಸಿದರೆ ಮುಗಿಯಿತು. ಸಂಜೆಯ ಹೊತ್ತಿಗೆ ಕೋಳಿಯನ್ನು ಎರಡು ಫೋರ್ಕಿನಿಂದ ಎಳೆ ಎಳೆಯಾಗಿ ಬಿಡಿಸಿ, ನಾಲ್ಕು ಆಲೂಗೆಡ್ಡೆ ಹಿಸುಕಿ ಗಟ್ಟಿ ಮಾಡಿ, ಕೊನೆಗೆ ಹಾಲಿನ ಕೆನೆ ಸುರಿದು ಚೂರು ಜಾಯಿಕಾಯಿ ತುರಿಯುತ್ತಿದ್ದ.

"ಇದನ್ನ ಎಲ್ಲಿ ಕಲಿತ್ರಿ?" ಎಂದು ಅಜ್ಜ ಕೇಳಿದ್ದ.

"ಒಬ್ರು ಹೇಳಿಕೊಟ್ರು ಮಾವ."

"ಡಿಪೋದವರಾ?"

"ಹಾಂ... ಹೌದು, ಆ ಕಡೆಯವರೇ."

ಹೌದು ಅನ್ನುವ ಮೊದಲು ಅಳಿಯ ಉಗುಳು ನುಂಗಿದ್ದನ್ನು ಅಜ್ಜ ಗಮನಿಸಿದ. ಬೀಗದೊಳಗೆ ಕಡ್ಡಿ ಹಾಕಿ ತಿರುಗಿಸುವಾಗ ಒಂದು ಕಡೆ ತಡೆ ಸಿಗುತ್ತದಲ್ಲ, ಅಂಥ ತಡೆ ಅದು. ಅಲ್ಲಿ ಏನೋ ಇದೆ.

ಮುಚ್ಚಳ ಮುಚ್ಚುವಾಗೆಲ್ಲ ಅಳಿಯ ತಪ್ಪದೆ ಹೇಳುತ್ತಿದ್ದ: "ಮುಚ್ಚಳ ಮಾತ್ರ ತೆಗೀಬೇಡಿ ಮಾವ. ಒಂದ್ಸಲ ತೆಗೆದ್ರೆ ಒಳಗಿನ ಬಿಸಿಯೆಲ್ಲ ಹೋಗ್ಬಿಡುತ್ತೆ. ಮತ್ತೆ ಬಿಸಿ ಏರೋಕೆ ಅರ್ಧ ಗಂಟೆ ಬೇಕು."

ತೆಗೆಯಬೇಡಿ ಎಂದು ಬೀಗದಜ್ಜನಿಗೆ ಹೇಳುವುದು ಬೆಕ್ಕಿನ ಮುಂದೆ ಹಾಲಿಟ್ಟು ಭಾಷಣ ಮಾಡಿದ ಹಾಗೆ. ಅಳಿಯ ಬಟ್ಟೆ ಒಗೆಯಲು ಹೋದ ಕೂಡಲೇ ಅಜ್ಜ ಎದ್ದ. ಹಬೆಗೆ ಗಾಜು ಮಸುಕಾಗಿತ್ತು. ಮುಚ್ಚಳ ತೆಗೆದ. ಕನ್ನಡಕಕ್ಕೆ ಹಬೆ ಹತ್ತಿ ಏನೂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕೋಳಿ, ಆಲೂಗೆಡ್ಡೆ, ಜೋಳ. ಬೇರೇನೂ ಇಲ್ಲ. ಬೇರೇನೂ ಇಲ್ಲವೆಂದರೆ ತೆಗೆಯಬೇಡಿ ಅಂದದ್ದು ಯಾಕೆ? ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆದ. ಆಮೇಲೆ ಇನ್ನೊಮ್ಮೆ.

ಆ ದಿನ ಸಂಜೆಯಾಗುವ ಮುಂಚೆ ಅಳಿಯ ಸ್ಟೀಲಿನ ದಪ್ಪ ಫ್ಲಾಸ್ಕೊಂದನ್ನು ಮೇಲಿನ ಶೆಲ್ಫಿನಿಂದ ಇಳಿಸಿ, ಅದರ ತುಂಬ ಚೌಡರ್ ತುಂಬಿ, ಚೀಲಕ್ಕೆ ಹಾಕಿಕೊಂಡು, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ ಮಾವ" ಎಂದು ಹೊರಟಾಗ ಅಜ್ಜನ ಕಿವಿ ನೆಟ್ಟಗಾದವು. ಗಾಳಿಗೆ ಹೋಗುವವನಿಗೆ ಫ್ಲಾಸ್ಕ್ ಯಾಕೆ? ಮಗಳು ಕೆಲಸದಿಂದ ಬರುವ ಸ್ವಲ್ಪ ಮುಂಚೆ ಅವನು ಹಿಂತಿರುಗಿದ. ಫ್ಲಾಸ್ಕ್ ಖಾಲಿ. ಅದನ್ನು ತೊಳೆದು ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಮುಂದೆ ಒಂದು ಡಬ್ಬ ಅಡ್ಡ ಸರಿಸಿದ. ಅಜ್ಜ ಪತ್ರಿಕೆಯ ಅಂಚಿನಿಂದ ಎಲ್ಲ ನೋಡುತ್ತಿದ್ದ.

ಮಗಳು ಬಂದಳು. ಅರ್ಧಕ್ಕೆ ಇಳಿದಿದ್ದ ಬೋಗುಣಿಯನ್ನು ನೋಡಿದಳು. ಒಂದು ಮಾತೂ ಕೇಳಲಿಲ್ಲ. ಅಯ್ಯೋ ಪಾಪದ ಹುಡುಗಿ, ಅಂದುಕೊಂಡ ಅಜ್ಜ, ಕಣ್ಣೆದುರಿಗೇ ಇದ್ದರೂ ಕಾಣುತ್ತಿಲ್ಲ ಇವಳಿಗೆ.

"ಆಲೂಗೆಡ್ಡೆ ಯಾಕೋ ಬೆಂದೇ ಇಲ್ಲ" ಎಂದಳು ಅವಳು ಅಗಿಯುತ್ತಾ.

"ಮೆಷಿನ್ನಿಗೆ ಏನೋ ಆಗಿದೆ. ಮೊದ್ಲೆಲ್ಲ ಬೆಣ್ಣೆ ಥರ ಬೇಯ್ತಿತ್ತು" ಎಂದ ಅಳಿಯ. ಅಜ್ಜ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ರಜೆಯಲ್ಲೂ ಇದೇ ಕತೆ. ಮುಚ್ಚಳ ತೆಗೀಬೇಡಿ, ಫ್ಲಾಸ್ಕ್, ಗಾಳಿ, ಬೇಯದ ಆಲೂಗೆಡ್ಡೆ. ಅಳಿಯ ಕುಕರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೂ ಹೋಗಿ ಬಂದ. ಅಂಗಡಿಯವನು ಅದನ್ನು ಬಿಚ್ಚಿ, ಜೋಡಿಸಿ, ಏನೂ ಕೆಟ್ಟಿಲ್ಲವೆಂದು ಕಳಿಸಿದ. ಅಳಿಯನಿಗೆ ರಿಪೇರಿಯವನ ಮೇಲೆ ಅನುಮಾನ, ಅಜ್ಜನಿಗೆ ಅಳಿಯನ ಮೇಲೆ. ಮನೆಯಲ್ಲಿ ಯಾರ ಮೇಲೂ ಅನುಮಾನ ಪಡದೆ ಊಟ ಮಾಡುತ್ತಿದ್ದವಳು ಮಗಳು ಒಬ್ಬಳೇ, ಮತ್ತು ಅಜ್ಜನಿಗೆ ಕರುಳು ಹಿಂಡುತ್ತಿದ್ದುದು ಅದಕ್ಕೇ. ಅಳಿಯನಿಗೆ ಇನ್ನೊಂದು ಮನೆಯಿದೆ. ಅಲ್ಲಿ ಯಾರೋ ಒಬ್ಬಳು ಬಟ್ಟಲು ಹಿಡಿದು ಕಾಯುತ್ತಿದ್ದಾಳೆ. ಇಷ್ಟು ಸರಳವಾದದ್ದು ಗೊತ್ತಾಗಲು ಬೀಗದ ಕೆಲಸ ಕಲಿಯಬೇಕಾಗಿಲ್ಲ.

ಸಂಸಾರ ಒಡೆದರೆ ಏನಾಗುತ್ತದೆ ಎಂದು ಅಜ್ಜನಿಗೆ ಗೊತ್ತಿತ್ತು. ಅವನದೇ ಒಡೆದಿತ್ತು. ಮಗಳ ಓದು ಮುಗಿದ ವರ್ಷ ಹೆಂಡತಿ ಮನೆಯ ಕೀಯನ್ನು ಮೇಜಿನ ಮೇಲಿಟ್ಟು ಹೊರಟುಹೋಗಿದ್ದಳು. ಯಾಕೆ ಎಂದು ಯಾರಾದರೂ ಕೇಳಿದರೆ ಅಜ್ಜ, "ನಾನೇನು ಹೊಡೆದ್ನಾ, ಕುಡಿದ್ನಾ?" ಎಂದು ತಿರುಗಿ ಕೇಳುತ್ತಿದ್ದ. ಎರಡೂ ನಿಜ, ಹೊಡೆದಿರಲಿಲ್ಲ, ಕುಡಿದಿರಲಿಲ್ಲ. ಅವಳು ಮಾರ್ಕೆಟ್ಟಿಗೆ ಹೋದರೆ ಗಡಿಯಾರ ನೋಡುತ್ತಿದ್ದ, ಅಷ್ಟೇ. ಬೀರುವಿನ ಬಾಗಿಲಿನ ಸಂದಿಗೆ ಒಂದು ಕೂದಲೆಳೆ ಅಂಟಿಸಿ ಸಂಜೆ ಬಂದು ಅದು ಇದೆಯೋ ಇಲ್ಲವೋ ಪರೀಕ್ಷಿಸುತ್ತಿದ್ದ, ಅಷ್ಟೇ. ಅವಳು ಬೇರೆ ಬಾಡಿಗೆ ಕೋಣೆ ಮಾಡಿದಾಗಲೂ ಕೋಪ ಮಾಡಿಕೊಳ್ಳದೆ, ಹೆಂಗಸು ಒಬ್ಬಳೇ ಇರುತ್ತಾಳೆಂದು ತಾನೇ ಹೋಗಿ ಆ ಬಾಗಿಲಿಗೆ ಒಳ್ಳೆಯ ಬೀಗ ಹಾಕಿಕೊಟ್ಟು ಬಂದಿದ್ದ. ಒಂದು ನಕಲಿ ಕೀ ತನ್ನ ಹತ್ತಿರವೂ ಇಟ್ಟುಕೊಂಡಿದ್ದ. ಒಂದು ದಿನ ಅವಳು ಕೆಲಸ ಮುಗಿಸಿ ಬಂದು ನೋಡಿದರೆ ಅಜ್ಜ ಅವಳ ಮಂಚದ ಮೇಲೆ ಕೂತಿದ್ದ, ಎಲ್ಲ ಸರಿಯಾಗಿದೆಯೋ ಎಂದು ನೋಡಿಹೋಗಲು. ಅವಳು ಕಿರುಚಲಿಲ್ಲ, ಬಯ್ಯಲಿಲ್ಲ. ವಾರ ಕಳೆಯುವುದರೊಳಗೆ ಆ ಕೋಣೆಯೂ ಖಾಲಿ. ಎಲ್ಲಿಗೆ ಹೋದಳೆಂದು ಅವನಿಗೆ ಯಾರೂ ಹೇಳಲಿಲ್ಲ. ಕೇಳಿದರೆ ಮಗಳು, "ಬೇರೆ ಊರಲ್ಲಿದಾಳೆ, ಚೆನ್ನಾಗಿದಾಳೆ" ಎಂದು ಮಾತು ಬದಲಿಸುತ್ತಿದ್ದಳು.

ಮಗಳಿಗೂ ಇದೇ ಗತಿ ಬರಬಾರದು. ಮೂರನೇ ರಜೆಯ ದಿನ ಅಳಿಯ ಫ್ಲಾಸ್ಕ್ ಹಿಡಿದು ಹೊರಟಾಗ ಅಜ್ಜ ಚಪ್ಪಲಿ ಮೆಟ್ಟಿದ.

ವಾರವಿಡೀ ಬಸ್ಸು ಓಡಿಸಿ ಬೇಸತ್ತ ಅಳಿಯ ರಜೆಯ ದಿನ ಬಸ್ಸು ಹತ್ತುವವನಲ್ಲ. ಅದು ಅಜ್ಜನ ಪುಣ್ಯ. ಕೋಲೂರಿಕೊಂಡು, ಮರೆಯಲ್ಲಿ ನಿಂತು ನಿಂತು ನಡೆದ. ಸೈಕಲ್ ರಿಪೇರಿ ಅಂಗಡಿ ದಾಟಿತು, ಇಸ್ತ್ರಿ ಅಂಗಡಿ ದಾಟಿತು. ಅಳಿಯ ದಾರಿಯಲ್ಲಿ ನಿಂತು ಒಂದು ಡಜನ್ ಕಿತ್ತಳೆ ಕೊಂಡ. ಆರಿಸಿ ಆರಿಸಿ, ಮೂಸಿ ನೋಡಿ ಕೊಂಡ. ನಮ್ಮ ಮನೆಗೆ ಇವನು ಯಾವತ್ತು ಹೀಗೆ ಹಣ್ಣು ತಂದಿದ್ದಾನೆ? ಅಜ್ಜನ ಮೈ ಉರಿಯಿತು. ಬಣ್ಣ ಮಾಸಿದ ಮೂರು ಮಹಡಿಯ ಕಟ್ಟಡವೊಂದರ ಮುಂದೆ ಅಳಿಯ ಕೂದಲು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ. ಫಿನಾಯಿಲಿನ ವಾಸನೆಯ, ಕತ್ತಲು ಕತ್ತಲಾದ ಮೆಟ್ಟಿಲು. ಅಜ್ಜನೂ ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿದ. ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು. ಅಲ್ಲೇ ನಿಂತು ಮೆಟ್ಟಿಲ ಕಂಬಿಯ ಸಂದಿಯಿಂದ ಮೇಲೆ ನೋಡಿದ.

ಮೇಲಿನ ಮನೆಯ ಬಾಗಿಲು ಹಾರುಹೊಡೆದಿತ್ತು. ಮುಚ್ಚಿಕೊಳ್ಳದಿರಲೆಂದು ಅಡಿಗೆ ಒಂದು ರಬ್ಬರ್ ಚಪ್ಪಲಿ ಸಿಕ್ಕಿಸಿದ್ದರು. ಬೀಗವೇ ಇರಲಿಲ್ಲ, ಬೀಗ ಇರಬೇಕಾದಲ್ಲಿ ಒಂದು ತೂತು, ಆ ತೂತಿಗೆ ಮರದ ತುಂಡು ಬಡಿದು ಮುಚ್ಚಿದ್ದರು. ಅಜ್ಜ ಕಣ್ಣು ಪಿಳಿಪಿಳಿ ಬಿಟ್ಟ. ಇಂಥ ಬಾಗಿಲನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಎಂಥ ಹೆಂಗಸು ಇವಳು, ಹಾಡುಹಗಲೇ ಬಾಗಿಲು ತೆರೆದಿಟ್ಟುಕೊಂಡು!

ಫೋನ್ ತೆಗೆದು ಮಗಳಿಗೆ ಮಾಡಿದ. ಪಿಸುದನಿಯಲ್ಲಿ, ಆದರೆ ಗೆದ್ದವನ ಗತ್ತಿನಲ್ಲಿ, "ಕೂಡ್ಲೇ ರಜಾ ಹಾಕಿ ಬಾ. ನಿನ್ನ ಗಂಡನ ಬಣ್ಣ ಬಯಲಾಗಿದೆ. ಅವಳ ಮನೆ ಮೆಟ್ಟಿಲ ಮೇಲೇ ನಿಂತಿದ್ದೀನಿ" ಎಂದ.

ಆ ಕಡೆ ಯಾರೋ ಗಿರಾಕಿ ಕೆಮ್ಮಿನ ಔಷಧಿ ಕೇಳುತ್ತಿದ್ದುದು ಕೇಳಿಸಿತು. ಆಮೇಲೆ ಅವಳು, "ಕಿತ್ತು ಹೋಗಿರೋ ಹಸಿರು ಬಣ್ಣದ ಗೋಡೆನಾ ಅಪ್ಪ?" ಎಂದಳು.

"ಹೌದು. ನಿಂಗೆ ಹೇಗೆ ಗೊತ್ತು?"

"ಅಪ್ಪಾ, ನಿಮ್ಮ ಕಾಲು ಹಿಡ್ಕೋತೀನಿ, ಇನ್ನೊಂದು ಮೆಟ್ಟಿಲು ಹತ್ತಬೇಡಿ. ಅದು ಅಮ್ಮನ ಮನೆ."

ಅಜ್ಜನ ಕೋಲು ಜಾರಿತು, ಸದ್ದಾಗುವ ಮೊದಲು ಮೊಣಕಾಲಿನಿಂದ ಒತ್ತಿ ಹಿಡಿದ.

"ಊರಲ್ಲಿಲ್ಲ ಅಂದಿದ್ದೆ?"

"ಸುಳ್ಳು ಹೇಳಿದ್ದೆ. ಅವಳೇ ಹೇಳಿಸಿದ್ದು. ಸೊಂಟದ ಮೂಳೆ ಮುರಿದಿದೆ ಅಪ್ಪ, ಒಲೆ ಮುಂದೆ ನಿಲ್ಲೋಕಾಗಲ್ಲ. ಆ ಚೌಡರ್ ಅವಳೇ ಇವರಿಗೆ ಹೇಳಿಕೊಟ್ಟಿದ್ದು. ಅವಳು ನಮ್ಮನ್ನ ಕೇಳಿದ್ದು ಒಂದೇ, ನೀವು ಆ ಮನೆ ಕಂಡುಹಿಡೀಬಾರ್ದು ಅಂತ. ಗೊತ್ತಾದ್ರೆ ಇನ್ನೊಂದು ಮನೆ ಹುಡುಕ್ತಾಳೆ. ಈ ಸೊಂಟ ಇಟ್ಕೊಂಡು ಎಲ್ಲಿಗೆ ಹೋಗ್ತಾಳೆ? ಯಾರಾದ್ರೂ ನೋಡಿದ್ರಾ ನಿಮ್ಮನ್ನ?"

"ಇಲ್ಲ."

"ಇಳಿದು ಹೋಗಿ ಅಪ್ಪ. ಸದ್ದು ಮಾಡದೆ ಹೋಗಿ."

ಅವನು ಇಳಿಯಬೇಕೆಂದೇ ತಿರುಗಿದ್ದ. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಮಾತು ಕೆಳಗಿಳಿದು ಬಂತು. ಬಟ್ಟಲಿಗೆ ಚಮಚ ತಾಗಿದ ಸದ್ದು ಮೊದಲು, ಆಮೇಲೆ ಅಳಿಯನ ದನಿ.

"ಇವತ್ತೂ ಆಲೂಗೆಡ್ಡೆ ಗಟ್ಟಿ ಅತ್ತೆ, ಬೇಜಾರು ಮಾಡ್ಕೋಬೇಡಿ. ಮೆಷಿನ್ ಕೆಟ್ಟಿದೆ. ರಿಪೇರಿಯವನು ಕೆಟ್ಟಿಲ್ಲ ಅಂತ ಸಾಧಿಸ್ತಾನೆ."

ಅವಳು ನಕ್ಕಳು. ಎಷ್ಟು ಕಾಲವಾಗಿತ್ತು ಆ ನಗು ಕೇಳಿ. ದನಿ ಮುದಿಯಾಗಿತ್ತು, ನಗು ಆಗಿರಲಿಲ್ಲ.

"ಮೆಷಿನ್ ಸರಿಯಾಗೇ ಇದೆ. ಅವರು ಮುಚ್ಚಳ ತೆಗೀತಿದಾರೆ."

"ಮಾವನಾ? ತೆಗೀಬೇಡಿ ಅಂತ ಪ್ರತಿ ಸಲ ಹೇಳ್ತೀನಲ್ಲ!"

"ಹೇಳಿದ್ರಾ? ಹಾಗಾದ್ರೆ ಗಂಟೆಗೆ ಎರಡು ಸಲ ತೆಗೀತಾರೆ."

"ಅಯ್ಯೋ! ಇವತ್ತೇ ಮಾತಾಡ್ತೀನಿ ಅವರ ಹತ್ರ."

"ಬೇಡ ಬೇಡ, ಬಿಟ್ಬಿಡಿ. ತೆಗೀಲಿ." ಮತ್ತೆ ಚಮಚದ ಸದ್ದಾಯಿತು. "ನೀವು ಈ ಆಲೂಗೆಡ್ಡೆ ತಂದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತೆ. ಗಟ್ಟಿ ಇದೆ ಅಂದ್ರೆ ಅವರು ಆ ಅಡುಗೆಮನೇಲೇ ಕೂತಿದಾರೆ, ಆ ಪಾತ್ರೆನೇ ಕಾಯ್ತಿದಾರೆ. ಬೆಂದು ಬಂದ್ರೆ ನಾನು ಯೋಚನೆ ಮಾಡ್ಬೇಕಾಗುತ್ತೆ, ಅವರು ಇನ್ನೇನರ ಬೆನ್ನು ಹತ್ತಿದಾರೋ, ಎಲ್ಲಿದಾರೋ ಅಂತ. ಬಾಗಿಲು ಹಾಕ್ಕೋಬೇಕಾಗುತ್ತೆ."

ಅಜ್ಜ ಮೆಟ್ಟಿಲಿಳಿದ. ಒಂದೊಂದೇ ಮೆಟ್ಟಿಲು, ಕೋಲನ್ನು ನೆಲಕ್ಕೆ ತಾಗಿಸದೆ ಕಂಕುಳಲ್ಲಿ ಹಿಡಿದು, ಗೋಡೆ ತಡವಿಕೊಂಡು. ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು. ಓಡಿಹೋಗಿ, ನಾನೇನು ಕಳ್ಳನಾ ಎಂದು ಕೇಳಬೇಕೆನಿಸಿತ್ತು. ಆದರೆ ಕಳ್ಳನ ಹಾಗೆ ಇಳಿಯುತ್ತಿದ್ದವನು ಅವನೇ ಆಗಿದ್ದ. ಬೀದಿಗೆ ಬಂದಾಗ ಅವನ ಕಣ್ಣಲ್ಲಿ ನೀರಿತ್ತು, ಮತ್ತು ಅದು ಏದುಸಿರಿನಿಂದ ಬಂದದ್ದಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಗಳು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಳಿಯನೊಬ್ಬ ಬಸ್ಸಿನ ಬ್ರೇಕಿನ ವಿಷಯ ಏನೇನೋ ಹೇಳುತ್ತಿದ್ದ. ಪಾತ್ರೆ ತೊಳೆಯುವಾಗ ಮಗಳು ಮೆಲ್ಲಗೆ, "ಇನ್ನೊಂದ್ಸಲ ಹೋಗ್ತೀರಾ ಅಲ್ಲಿಗೆ?" ಎಂದು ಕೇಳಿದಳು.

"ಇಲ್ಲ."

ಅವಳು ನಂಬಲಿಲ್ಲ. ನಂಬದೆ ನೋಡುವ ಆ ನೋಟವನ್ನು ಅಜ್ಜ ಚೆನ್ನಾಗಿ ಬಲ್ಲ. ಅದು ಅವನದೇ ನೋಟ, ಮಗಳ ಮುಖದಲ್ಲಿ ಕೂತಿತ್ತು.

ಮತ್ತೆ ರಜೆಯ ದಿನ ಬಂತು. ಅಳಿಯ ಈರುಳ್ಳಿ ಬಾಡಿಸಿದ, ಆಲೂಗೆಡ್ಡೆ ಹೆಚ್ಚಿದ, ಕೋಳಿ ಹಾಕಿದ, ಗುಂಡಿ ತಿರುಗಿಸಿದ. ಮುಚ್ಚಳದ ಮಾತು ಎತ್ತಲೇ ಇಲ್ಲ. "ನಾನು ಒಗೆಯೋಕೆ ಹೋಗ್ತೀನಿ ಮಾವ, ಸುಮಾರು ಹೊತ್ತಾಗುತ್ತೆ" ಎಂದು ಬೇಕೆಂದೇ ಗಟ್ಟಿಯಾಗಿ ಹೇಳಿ ಹೋದ.

ಅಜ್ಜ ಕುರ್ಚಿಯಲ್ಲಿ ಕೂತ. ಏನಾದರಾಗಲಿ, ಇವತ್ತು ಮುಟ್ಟುವುದಿಲ್ಲ ಎಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅವಳು ಮುರಿದ ಸೊಂಟ ಹೊತ್ತುಕೊಂಡು ಹಸಿ ಆಲೂಗೆಡ್ಡೆ ಯಾಕೆ ಅಗಿಯಬೇಕು? ಒಂದು ಸಲವಾದರೂ ಬೆಣ್ಣೆಯ ಹಾಗೆ ಬೆಂದದ್ದು ತಿನ್ನಲಿ. ಇಷ್ಟು ವರ್ಷಕ್ಕೆ ಅವಳಿಗೆಂದು ಅವನು ಮಾಡಬಹುದಾದದ್ದು ಅದೊಂದೇ, ಅದಕ್ಕೆ ಸುಮ್ಮನೆ ಕೂತರೆ ಸಾಕು.

ಫೋನ್ ಬಡಿದುಕೊಂಡಿತು. ಮಗಳು.

"ಅಪ್ಪ, ಮನೇಲಿದೀರಾ?"

"ಇಲ್ಲೇ ಇದೀನಿ."

"ಎಲ್ಲಿ?"

"ಅಡುಗೆಮನೇಲಿ ಕಣೇ. ಕುಕರ್ ಮುಂದೆ."

"ಸರಿ" ಎಂದಳು, ಆದರೆ ಫೋನ್ ಇಡಲಿಲ್ಲ, ಏನಾದರೂ ಸದ್ದು ಕೇಳಿಸುತ್ತದೋ ಎಂದು ಕಾಯುತ್ತಿದ್ದಳು. ಬೀದಿಯ ಸದ್ದೋ ಮನೆಯ ಸದ್ದೋ ಎಂದು ಪರೀಕ್ಷೆ. ಅವಳು ಫೋನ್ ಇಟ್ಟ ಮೇಲೆ ಅಜ್ಜ ಕೈಗಳನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿದ. ಅವಳ ಅಮ್ಮನಿಗೆ ಹೀಗೆ ಕೇಳಿ ಗೊತ್ತಾಗುವ ದಾರಿಯೂ ಇಲ್ಲ. ಆ ಮೂರನೇ ಮಹಡಿಯಲ್ಲಿ ಕೂತವಳಿಗೆ ಅವನು ಎಲ್ಲಿದ್ದಾನೆಂದು ತಿಳಿಯುವುದು ಫ್ಲಾಸ್ಕ್ ಬಿಚ್ಚಿ ಮೊದಲ ಆಲೂಗೆಡ್ಡೆ ಕಚ್ಚಿದಾಗ. ಬೆಂದಿದ್ದರೆ ಅವಳು ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಆ ರಬ್ಬರ್ ಚಪ್ಪಲಿಯನ್ನು ತೆಗೆದು ಬಾಗಿಲು ಮುಚ್ಚುತ್ತಾಳೆ.

ಅಜ್ಜ ತೊಡೆಯ ಕೆಳಗಿನಿಂದ ಕೈ ತೆಗೆದ. ಎದ್ದು ಕುಕರಿನ ಹತ್ತಿರ ಹೋಗಿ ನಿಂತ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮುಚ್ಚಳ ಎತ್ತಿದ. ಬಿಸಿ ಹಬೆ ಕೆನ್ನೆಗೆ ತಾಗಿ ಹೋಯಿತು. ಒಳಗೆ ಏನಿದೆಯೆಂದು ನೋಡಲಿಲ್ಲ. ಸಾಕಷ್ಟು ಬಿಸಿ ಹೋಯಿತು ಅನ್ನಿಸುವವರೆಗೆ ಹಾಗೇ ಹಿಡಿದುಕೊಂಡು ನಿಂತಿದ್ದು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದ. ಸಂಜೆಯವರೆಗೂ ಅದೇ ಕೆಲಸ, ಒಂದು ಸಲವೂ ಇಣುಕದೆ.

ಅಳಿಯ ಫ್ಲಾಸ್ಕ್ ತುಂಬಿಸಿಕೊಂಡು ಗಾಳಿಗೆ ಹೋಗಿಬಂದ. ರಾತ್ರಿ ಮೂವರೂ ಊಟಕ್ಕೆ ಕೂತರು. ಮಗಳು ಮೊದಲ ಚಮಚ ಬಾಯಿಗಿಟ್ಟಳು, ಆಲೂಗೆಡ್ಡೆ ಕಟಕ್ಕೆಂದಿತು. ಅವಳು ಅಪ್ಪನ ಕಡೆ ನೋಡಿದಳು.

"ಬೆಂದಿಲ್ವಾ?" ಎಂದು ಕೇಳಿದ ಅಜ್ಜ.

"ಇಲ್ಲ ಅಪ್ಪ."

ಅಜ್ಜ ಸಿಂಕಿನ ಕಡೆ ಕಣ್ಣು ಹಾಯಿಸಿದ. ಫ್ಲಾಸ್ಕ್ ತೊಳೆದು ಬೋರಲು ಹಾಕಿತ್ತು, ಅಂದರೆ ಆ ಮೂರನೇ ಮಹಡಿಯವಳು ಉಳಿಸದೆ ತಿಂದಿದ್ದಳು. ಅವನು ತನ್ನ ಬಟ್ಟಲಿನ ಗಟ್ಟಿ ಹೋಳುಗಳನ್ನು ಒಂದೊಂದಾಗಿ ಅಗಿದು ನುಂಗಿ, ಇನ್ನೊಂದು ಸೌಟು ಬಡಿಸಿಕೊಂಡ.